ಉಸಿರಿನ ಫುಟ್‌ವಾಲ್ವ್

ಹಿಲ್ಲೂರಿನಲ್ಲಿ ಹೊಳೆಯಿಂದ ತೋಟಕ್ಕೆ ನೀರೆತ್ತುವವರಿಗೆಲ್ಲ ಫುಟ್‌ವಾಲ್ವಿನ ಗೋಳು ಗೊತ್ತು. ಮರಳಿನ ಒಂದೇ ಒಂದು ಕಾಳು ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡರೂ ಪೈಪಿನ ನೀರು ಸದ್ದಿಲ್ಲದೆ ಇಳಿದುಹೋಗುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಪಂಪು ಬರಿದೇ ತಿರುಗುತ್ತದೆ. ಹೊಸ ಪಂಪು ತರಲು ಹೊರಟಾಗ ಅಪ್ಪ ಕಂಪನಿಯ ಹೆಸರು ಕೇಳುತ್ತಿರಲಿಲ್ಲ. "ತಮ್ಮಾ, ಅದ್ರ ವಾಶರು ಅಂಕೋಲೆಲಿ ಸಿಗ್ತದಾ ಕೇಳು" ಅನ್ನುತ್ತಿದ್ದರು. ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗಿಗೆ ಹೋಗತೊಡಗಿ, ಆಸೆಪಟ್ಟು ಸ್ವಂತದ್ದೊಂದು ರೆಗ್ಯುಲೇಟರ್ ಕೊಂಡು, ಅದು ಎರಡನೇ ವರ್ಷಕ್ಕೇ ಕೈಕೊಟ್ಟ ಮೇಲೆ ಅಪ್ಪನ ಆ ಮಾತು ನನಗೆ ಅರ್ಥವಾಯಿತು.

ರೆಗ್ಯುಲೇಟರ್ ಅಂದರೆ ಅಡುಗೆ ಗ್ಯಾಸಿನ ಸಿಲಿಂಡರಿನ ಮೇಲೆ ಕೂರುವುದರ ದೊಡ್ಡಣ್ಣ. ಈ ನಂಟು ಬರೀ ಮಾತಿನದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದ ಫ್ರಾನ್ಸಿನಲ್ಲಿ ಕಾರುಗಳನ್ನು ಗ್ಯಾಸಿನಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ವಾಲ್ವ್ ಸಿದ್ಧಪಡಿಸಿದ್ದ. ಜಾಕ್ ಕೂಸ್ಟೊ ಜೊತೆ ಸೇರಿ ಅವನು ಅದನ್ನೇ ನೀರಿಗೆ ಒಗ್ಗಿಸಿದ. 1943ರಲ್ಲಿ ಅಕ್ವಾಲಂಗ್ ಹುಟ್ಟಿದ್ದು ಹಾಗೆ. ಇಂದು ನೇತ್ರಾಣಿಯಲ್ಲಿ ಪ್ರವಾಸಿಗರ ಬೆನ್ನಿಗೆ ಕಟ್ಟುವ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 200 ಬಾರ್ ಒತ್ತಡ ಇರುತ್ತದೆ. ಅದರ ಕುತ್ತಿಗೆಗೆ ಕೂರುವ ಫಸ್ಟ್ ಸ್ಟೇಜ್ ಆ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಹೆಚ್ಚು ಎನ್ನುವಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜ್ ನಾವು ಎಳೆದಾಗ ಮಾತ್ರ ಗಾಳಿ ಬಿಟ್ಟು, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಹತ್ತು ಮೀಟರಿನಲ್ಲಿ ಮೈಮೇಲಿನ ಒತ್ತಡ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು ಪಟ್ಟು. ಎಷ್ಟೇ ಇಳಿದರೂ ಉಸಿರು ಮನೆಯ ಜಗಲಿಯ ಮೇಲೆ ಕೂತಷ್ಟೇ ಸಲೀಸಾಗಿ ಬರಬೇಕು. ಇಷ್ಟೆಲ್ಲ ಕೆಲಸ ನಿಂತಿರುವುದು ಬಟನ್ನಿನಷ್ಟು ದೊಡ್ಡ ಒಂದು ಸೀಟಿನ ಮೇಲೆ, ಕೆಲವು ರಬ್ಬರ್ ಉಂಗುರಗಳ ಮೇಲೆ.

ಕಂಪನಿಗಳ ಜಗಳ ಶುರುವಾಗುವುದು ಈ ಸೀಟನ್ನು ತೆರೆದು ಮುಚ್ಚುವ ಬಗೆಯಲ್ಲಿ. ಪಿಸ್ಟನ್ ಬಗೆಯದರಲ್ಲಿ ಚಲಿಸುವ ಭಾಗ ಕಡಿಮೆ, ಗಾಳಿ ಧಾರಾಳ. ಆದರೆ ಒಳಗಿನ ಸ್ಪ್ರಿಂಗ್ ಇರುವ ಗೂಡಿಗೆ ಸಮುದ್ರದ ನೀರು ನೇರವಾಗಿ ಹೋಗಿ ಬರುತ್ತದೆ. ಡಯಾಫ್ರಮ್ ಬಗೆಯದರಲ್ಲಿ ನೀರಿಗೂ ಯಂತ್ರಕ್ಕೂ ನಡುವೆ ರಬ್ಬರಿನ ಪರದೆ ಇರುತ್ತದೆ. ಭಾಗಗಳು ಹೆಚ್ಚು, ಬಿಚ್ಚಿ ಜೋಡಿಸುವ ಕೆಲಸವೂ ಹೆಚ್ಚು. ಸ್ಕೂಬಾಪ್ರೊ ಕಂಪನಿಯ ಎಂಕೆ 25 ಪಿಸ್ಟನ್ನಿನ ರಾಜ. ಅದೇ ಕಂಪನಿಯ ಎಂಕೆ 2 ಎಷ್ಟು ಸರಳವೆಂದರೆ ಜಗತ್ತಿನ ಎಷ್ಟೋ ಡೈವ್ ಶಾಪ್‌ಗಳು ಬಾಡಿಗೆಗೆ ಅದನ್ನೇ ಇಟ್ಟುಕೊಂಡಿವೆ. ಸಿಲಿಂಡರಿನ ಗಾಳಿ ತಳ ಕಂಡಾಗ ಉಸಿರು ತುಸು ಬಿಗಿಯಾಗುತ್ತದೆ, ಅದೊಂದೇ ಕೊರತೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಿನ ಏಪೆಕ್ಸ್ ಪೂರ್ತಿ ಮುಚ್ಚಿದ ಡಯಾಫ್ರಮ್ಮಿಗೆ ಹೆಸರುವಾಸಿ. ಇಟಲಿಯ ಮಾರೆಸ್ ಮತ್ತು ಕ್ರೆಸ್ಸಿ ನಡುವಿನ ಬೆಲೆಯಲ್ಲಿ ಒಳ್ಳೆಯ ಸರಕು ಕೊಡುತ್ತವೆ. ಕ್ರೆಸ್ಸಿಯ ಎಸಿ 2 ಪಿಸ್ಟನ್ನಿನದು, ಎಂಸಿ 9 ಡಯಾಫ್ರಮ್ಮಿನದು.

ಇವುಗಳಲ್ಲಿ ಯಾವುದು 'ಹಗುರಾಗಿ ಉಸಿರಾಡುತ್ತದೆ' ಎಂಬ ಚರ್ಚೆಗೆ ಸಿಗುವಷ್ಟು ಮರ್ಯಾದೆ ಅದಕ್ಕೆ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಎನ್ 250 ಎಂಬ ಯುರೋಪಿನ ಮಾನದಂಡದ ಮುದ್ರೆ ಬೇಕಾದರೆ ರೆಗ್ಯುಲೇಟರ್ 50 ಮೀಟರ್ ಆಳದಲ್ಲಿ ನಿಮಿಷಕ್ಕೆ 62.5 ಲೀಟರ್ ಗಾಳಿ ಕೊಡಬೇಕು, ಆಗಲೂ ಪ್ರತಿ ಲೀಟರಿಗೆ ಉಸಿರಾಟದ ಶ್ರಮ 3 ಜೂಲ್ ದಾಟಬಾರದು. ನಿರಾಳವಾಗಿ ಈಜುವ ಮನುಷ್ಯನಿಗೆ ನಿಮಿಷಕ್ಕೆ ಬೇಕಾದದ್ದು ಅದರ ಕಾಲು ಪಾಲು, ಅಬ್ಬಬ್ಬಾ ಅಂದರೆ ಮೂರನೇ ಒಂದು ಪಾಲು. ಮೊದಲ ಸಲ ನೀರಿಗಿಳಿಯುವ ಪ್ರವಾಸಿಯನ್ನಂತೂ 12 ಮೀಟರಿಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಆ ಆಳದಲ್ಲಿ ಮುದ್ರೆಯಿರುವ ಎರಡು ರೆಗ್ಯುಲೇಟರುಗಳ ವ್ಯತ್ಯಾಸ ಬೆಲೆಪಟ್ಟಿಗೆ ಗೊತ್ತಾಗುತ್ತದೆ, ಪುಪ್ಪುಸಕ್ಕೆ ಗೊತ್ತಾಗುವುದಿಲ್ಲ.

ನಮ್ಮ ಕರಾವಳಿಯ ಪರೀಕ್ಷೆ ಬೇರೆಯೇ ಇದೆ. ಉತ್ತರದ ದೇಶಗಳವರು ಹೆದರುವುದು ಚಳಿಗೆ. ಹತ್ತು ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಫಸ್ಟ್ ಸ್ಟೇಜಿನೊಳಗೆ ಮಂಜುಗಟ್ಟಿ ಗಾಳಿ ಭುಸಭುಸ ಹೊರನುಗ್ಗಬಹುದು. ಮುಚ್ಚಿದ ಡಯಾಫ್ರಮ್ ಅವರು ಕಂಡುಕೊಂಡ ಉಪಾಯ. ಇಲ್ಲಿ ಆ ಭಯವಿಲ್ಲ, ನೀರು ಬೆಚ್ಚಗಿದೆ. ಆದರೆ ನಮ್ಮಲ್ಲಿ ಉಪ್ಪಿದೆ, ಹೂಳಿದೆ, ನಾಲ್ಕು ತಿಂಗಳ ಮಳೆಯಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಕೆಂಪು ಮಣ್ಣನ್ನು ಹೊತ್ತು ತಂದು ಇದೇ ಕಡಲಿಗೆ ಸುರಿಯುತ್ತವೆ. ಮಳೆಗಾಲ ಮುಗಿದ ಮೇಲೂ ಅಳಿವೆಗಳ ಬಳಿ ಕೈಚಾಚಿದರೆ ಬೆರಳು ಕಾಣದ ದಿನಗಳಿವೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿದಾಗ ಆ ನೀರು ಎಂಥದ್ದೆಂದು ನಾಡೆಲ್ಲ ನೋಡಿತು. ನೌಕಾಪಡೆಯ ಡೈವರುಗಳು, ಮಲ್ಪೆಯ ಈಶ್ವರ ಮಲ್ಪೆಯವರಂಥ ಮುಳುಗುತಜ್ಞರು ದಡದಲ್ಲಿ ಸಿದ್ಧರಾಗಿ ನಿಂತಿದ್ದರೂ ಹೊಳೆ ಎಷ್ಟೋ ದಿನ ಅವರನ್ನು ಒಳಗೆ ಬಿಡಲಿಲ್ಲ. ಕುಸಿತದಲ್ಲಿ ಕಣ್ಮರೆಯಾಗಿದ್ದ ಕೇರಳದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜ್ಜರ್ ಬಂದ ಮೇಲೆ. ನಮ್ಮೂರನ್ನು ದಾಟಿ ಹೋಗುವ ಹೊಳೆಯೇ ಅದು. ಆ ದಿನಗಳನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಹೀಗಾಗಿ ಚಳಿಗೆಂದು ಮಾಡಿದ ಪರದೆ ನಮಗೆ ಹೂಳಿನ ಪರದೆಯಾಗಿ ಒದಗುತ್ತದೆ. ಬ್ಯಾಲೆನ್ಸ್ಡ್ ಎನ್ನುವ ಬಗೆಯ, ಅಂದರೆ ಸಿಲಿಂಡರಿನಲ್ಲಿ ಗಾಳಿ ಎಷ್ಟೇ ಉಳಿದಿದ್ದರೂ ಒಂದೇ ಸಮ ಉಸಿರು ಕೊಡುವ, ಪೂರ್ತಿ ಮುಚ್ಚಿದ ನಡುಬೆಲೆಯ ಡಯಾಫ್ರಮ್ ರೆಗ್ಯುಲೇಟರ್ ಕಾರವಾರದಿಂದ ಭಟ್ಕಳದವರೆಗಿನ ನೀರಿಗೆ ಹೇಳಿಮಾಡಿಸಿದ್ದು. ನೀಲಿ ತಿಳಿನೀರಿನ ದ್ವೀಪಗಳಿಗಷ್ಟೇ ಹೋಗುವವರು ಪಿಸ್ಟನ್ ಕೊಂಡರೆ ನನ್ನ ತಕರಾರಿಲ್ಲ.

ನಾನು ಕೊಂಡದ್ದು ಪಿಸ್ಟನ್. ದೊಡ್ಡ ಊರಿನ ಅಂಗಡಿಯೊಂದರಲ್ಲಿ, ಅವರ ಮಾತು ನಂಬಿ, ಅತಿ ಹೆಚ್ಚು ಬೆಲೆಯದನ್ನೇ ಕೊಂಡೆ. ಎಲ್ಲಿ ಡೈವ್ ಮಾಡುತ್ತೀರಿ ಎಂದು ಅವರು ಕೇಳಲಿಲ್ಲ. ಎರಡನೇ ವರ್ಷ ಬಾಯಿಯ ತುದಿಯಲ್ಲಿ ಸಣ್ಣಗೆ 'ಸ್‌ಸ್‌' ಎಂದು ಗಾಳಿ ಸೋರತೊಡಗಿತು. ಕಳಿಸಿಕೊಡಿ ಎಂದರು, ಕಳಿಸಿದೆ. ಸರ್ವಿಸ್ ಕಿಟ್ ಹೊರದೇಶದಿಂದ ಬರಬೇಕೆಂದರು. ಅಕ್ಟೋಬರಿನಲ್ಲಿ ಹೋದದ್ದು ಫೆಬ್ರವರಿಯಲ್ಲಿ ಮರಳಿತು, ಅಷ್ಟರಲ್ಲಿ ಆ ವರ್ಷದ ತಿಳಿನೀರಿನ ದಿನಗಳು ಕಳೆದಿದ್ದವು. ಅವರು ಸುಳ್ಳು ಹೇಳಿದರೆಂದು ನಾನು ದೂರುವುದಿಲ್ಲ, ಆ ಸರಕು ನಿಜಕ್ಕೂ ಉತ್ತಮವಾದದ್ದೇ. ಮಾರುವ ಕೌಂಟರ್ ಇದ್ದು ರಿಪೇರಿಯ ಮೇಜು ಇಲ್ಲದ ಕಡೆ ಸಲಹೆ ಕೇಳಿದ್ದು ನನ್ನ ತಪ್ಪು.

ಬೈತಖೋಲ ಬಂದರಿನ ಮೀನುಗಾರರು ದೋಣಿಗೆ ಎಂಜಿನ್ ಕೊಳ್ಳುವಾಗ ಹೀಗೆ ಮಾಡುವುದಿಲ್ಲ. ಯಾವುದರ ಬಿಡಿಭಾಗ ಊರಿನಲ್ಲಿದೆ, ಯಾವುದನ್ನು ಬಿಚ್ಚಲು ಇಲ್ಲಿನ ಮೆಕ್ಯಾನಿಕ್ಕಿಗೆ ಕೈ ಪಳಗಿದೆ ಎಂದು ವಿಚಾರಿಸುತ್ತಾರೆ. ಡೈವ್ ಶಾಪಿನವರ ಶಿಫಾರಸನ್ನು ತೂಗಲು ನನಗೆ ಅದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಿಲ್ಲ. ಅಂಗಡಿ ತನ್ನ ಡೀಲರ್‌ಶಿಪ್ ಇರುವ ಕಂಪನಿಯನ್ನೇ ಹೊಗಳುತ್ತದೆ, ಅದು ಸಹಜ. ಅದೇ ಕಂಪನಿಯ ಕಿಟ್ಟನ್ನು ಡ್ರಾಯರಿನಲ್ಲಿಟ್ಟುಕೊಂಡು, ತರಬೇತಿ ಪಡೆದವರು ಅಲ್ಲೇ ಬಿಚ್ಚಿ ಜೋಡಿಸುತ್ತಿದ್ದರೆ ಆ ಹೊಗಳಿಕೆಗೆ ಆಧಾರವಿದೆ. ಮಾರುವುದೊಂದು, ತಮ್ಮ ಬಾಡಿಗೆಯ ಹಲಗೆಗೆ ನೇತುಹಾಕಿದ್ದು ಇನ್ನೊಂದು ಎಂದಾದರೆ ಕಾರಣ ಕೇಳಲೇಬೇಕು. ಕಂಪನಿಯ ಹೆಸರಿಗೆ ಜೋತುಬೀಳುವವರಿಗೆ ಇನ್ನೊಂದು ಮಾತು: ಕೂಸ್ಟೊ ಕಾಲದ ಅಕ್ವಾ ಲಂಗ್ ಕಂಪನಿಯನ್ನು ಅದರ ಒಡೆಯನಾಗಿದ್ದ ಏರ್ ಲಿಕ್ವಿಡ್ ಕಂಪನಿ 2016ರಲ್ಲಿ ಮಾರಿಬಿಟ್ಟಿತು. ಆಮೇಲೆ ಅದು ಏಪೆಕ್ಸ್ ಸಮೇತ ಮಾರೆಸ್‌ನ ಒಡೆಯರಾದ ಹೆಡ್ ಕಂಪನಿಯ ಮನೆ ಸೇರಿದೆ. ಪೈಪೋಟಿಯ ಮೂರು ಹೆಸರುಗಳು ಈಗ ಒಂದೇ ಸೂರಿನಡಿ ಇವೆ.

ಕಣ್ಣಿಂದಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಫಸ್ಟ್ ಸ್ಟೇಜ್ ಅಂದರೆ ಕ್ರೋಮ್ ಲೇಪಿಸಿದ ಹಿತ್ತಾಳೆ. ಸಿಲಿಂಡರಿಗೆ ಕೂರುವ ಬಾಯಿಯ ಮುಚ್ಚಳ ತೆಗೆದರೆ ಲೋಹದ ಸಣ್ಣ ಫಿಲ್ಟರ್ ಕಾಣುತ್ತದೆ. ಅದು ಹಸಿರಾಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಹಿತ್ತಾಳೆ ಚೊಂಬಿಗೆ ಹಿಡಿಯುವ ಕಿಲುಬೇ ಅದು, ಆದರೆ ಇದನ್ನು ಹುಣಸೆಹಣ್ಣು ಹಾಕಿ ತಿಕ್ಕುವಂತಿಲ್ಲ. ಕಪ್ಪಾಗಿದ್ದರೆ ಕಂಪ್ರೆಸರಿನ ಇದ್ದಿಲ ಪುಡಿಯ ಮೇಲೆ ಅನುಮಾನ, ಬೂದಿಬಣ್ಣವಾದರೆ ಅಲ್ಯೂಮಿನಿಯಂ ಸಿಲಿಂಡರಿನ ಒಳಮೈಯ ಮೇಲೆ. ಗಾಳಿ ಬಿಟ್ಟುಕೊಂಡು ನಾಲ್ಕು ದೀರ್ಘ ಉಸಿರು ಎಳೆಯುವಾಗ ಗೇಜಿನ ಮುಳ್ಳು ಕುಣಿದರೆ ಎಲ್ಲೋ ದಾರಿ ಕಟ್ಟಿದೆ, ಇಲ್ಲವೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ. ಸಿಲಿಂಡರ್ ಮುಚ್ಚಿ, ಪೈಪಿನ ಗಾಳಿ ಖಾಲಿ ಮಾಡಿ ಮತ್ತೆ ಎಳೆದಾಗ ಗಾಳಿ ಬರಲೇಕೂಡದು. ಬಂದರೆ ಅದೇ ಸಂದಿಯಿಂದ ನೀರೂ ಬರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಪಾಟಿನಲ್ಲಿಟ್ಟ ಬಟ್ಟೆಗೂ ಬೂಸ್ಟು ಬರುವ ನಮ್ಮೂರುಗಳಲ್ಲಿ, ಮಳೆಗಾಲ ಕಳೆದ ಮೇಲೆ ಮೊದಲ ಡೈವಿಗೆ ಮುಂಚೆ ಇಷ್ಟನ್ನಾದರೂ ನೋಡದೆ ಇಳಿಯುವುದು ನನಗೆ ಸಹಿಸಲಾಗದ ಅಭ್ಯಾಸ.

ಪುನೀತ್ ರಾಜಕುಮಾರ್ 'ಗಂಧದ ಗುಡಿ'ಯಲ್ಲಿ ನೇತ್ರಾಣಿಯ ನೀರಿಗಿಳಿದದ್ದನ್ನು 2022ರಲ್ಲಿ ತೆರೆಯ ಮೇಲೆ ನೋಡಿದ ದಿನದಿಂದ ಮಗಳು ತಾನೂ ಇಳಿಯುತ್ತೇನೆಂದು ಹಟ ಹಿಡಿದಿದ್ದಳು. ಹೋದ ಚಳಿಗಾಲದಲ್ಲಿ ಕರೆದುಕೊಂಡು ಹೋದೆ. ದಡದಿಂದ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್, ಬೋಟು ಕಾಯುತ್ತಿತ್ತು, ಜನ ಅವಸರದಲ್ಲಿದ್ದರು. ಅವಳಿಗೆ ಕೊಡಬೇಕಿದ್ದ ಸೆಟ್ಟಿಗೆ ಅಲ್ಲಿನ ಹುಡುಗ ಸಣ್ಣದೊಂದು ಗೇಜು ಸಿಕ್ಕಿಸಿ ನೋಡಿದ. ಮುಳ್ಳು ಒಂಬತ್ತೂವರೆ ಬಾರಿನಲ್ಲಿ ನಿಲ್ಲದೆ ಮೆಲ್ಲಗೆ ಮೇಲೇರುತ್ತಲೇ ಇತ್ತು. ಸೀಟು ಸವೆದಿದೆ ಎಂಬುದರ ಗುರುತು ಅದು, ನನ್ನ ರೆಗ್ಯುಲೇಟರ್ ಸೋರುವ ಮುಂಚೆ ಯಾರೂ ನೋಡದೆ ಬಿಟ್ಟದ್ದೂ ಅದನ್ನೇ. ಅವನು ಮಾತಾಡದೆ ಆ ಸೆಟ್ಟನ್ನು ಬಿಚ್ಚಿ ಬದಿಗಿಟ್ಟು, ಕೆಂಪು ಪಟ್ಟಿ ಕಟ್ಟಿ, ಬೇರೆಯದನ್ನು ತಂದು ಮತ್ತೆ ಗೇಜು ಹಾಕಿದ. "ಐದ್ನಿಮಿಷ ತಡ ಆಗ್ತದೆ ಅಣ್ಣಾ" ಅಂದ.

ಸಂಜೆ ದಡಕ್ಕೆ ಬಂದ ಮೇಲೆ ಯಾವ ರೆಗ್ಯುಲೇಟರ್ ಕೊಳ್ಳಲಿ ಎಂದು ಅವನನ್ನೇ ಕೇಳಿದೆ. ಅವನು ಮೊದಲು ಕೇಳಿದ್ದು, "ನಿಮ್ಮೂರು ಯಾವ್ದು, ಎಲ್ಲಿ ಇಳಿತೀರಿ?"