ಚೌಕಟ್ಟಿನ ಅಂಚಿನಲ್ಲಿರುವ ನಗು: ‘ಲೋಕಲ್ ಹೀರೊ’ ನೋಡುವ ಬಗೆ

ಬಿಲ್ ಫೋರ್ಸೈತ್ ಬರೆದು ನಿರ್ದೇಶಿಸಿದ ‘ಲೋಕಲ್ ಹೀರೊ’ (1983) ಚಿತ್ರಕ್ಕೆ ಹೊಸಬರು ಕೂತರೆ ಅರ್ಧ ಗಂಟೆಯಲ್ಲೇ ಕೇಳುತ್ತಾರೆ: ಕಥೆ ಶುರುವಾಗುವುದು ಯಾವಾಗ? ಅದು ಆಗಲೇ ನಡೆಯುತ್ತಿರುತ್ತದೆ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು.

ಹ್ಯೂಸ್ಟನ್ನಿನ ತೈಲ ಕಂಪನಿಯೊಂದು ಸ್ಕಾಟ್ಲೆಂಡಿನ ಫರ್ನೆಸ್ ಎಂಬ ಕಡಲೂರನ್ನು ಇಡಿಯಾಗಿ ಕೊಂಡುಬಾ ಎಂದು ಮ್ಯಾಕ್‌ನನ್ನು (ಪೀಟರ್ ರೀಗರ್ಟ್) ಕಳಿಸುತ್ತದೆ. ಇಂಥ ಕಥೆಯಲ್ಲಿ ಊರವರು ನೆಲಕ್ಕಾಗಿ ಹೋರಾಡುತ್ತಾರೆಂದು ನಾವು ಕಾಯುತ್ತೇವೆ. ಇಲ್ಲಿ ಅವರೇ ಮಾರಲು ತುದಿಗಾಲಲ್ಲಿದ್ದಾರೆ. ಬೆಲೆ ಏರಲೆಂದು ಆಸೆಯನ್ನು ಮುಚ್ಚಿಟ್ಟಿದ್ದಾರೆ. ಊರಿಗೆ ಮನಸೋಲುವವನು ಕೊಳ್ಳಲು ಬಂದವನು. ನಗುವೂ ನೋವೂ ಹುಟ್ಟುವುದು ಈ ತಿರುವುಮುರುವಿನಿಂದಲೇ.

ಹಾಗಾಗಿ ಜೋಕಿಗಾಗಿ ಕಾಯಬೇಡಿ, ಮರುಕಳಿಸುವುದನ್ನು ಗಮನಿಸಿ. ಮ್ಯಾಕ್ ಬೀದಿಗೆ ಕಾಲಿಟ್ಟಾಗಲೆಲ್ಲ ಒಂದು ಮೋಟರ್‌ಬೈಕ್ ಅವನನ್ನು ಸವರಿಕೊಂಡು ಹೋಗುತ್ತದೆ. ಯಾರೂ ಅದರ ಬಗ್ಗೆ ವಿವರಣೆ ಕೊಡುವುದಿಲ್ಲ. ಬಂಡಿಯಲ್ಲೊಂದು ಮಗು ಇದೆ. ಇದು ಯಾರದು ಎಂದು ಮ್ಯಾಕ್ ಕೇಳಿದರೆ ನಿಂತ ಗಂಡಸರೆಲ್ಲ ಮೌನ. ಹೋಟೆಲ್ ನಡೆಸುವ ಗಾರ್ಡನ್ (ಡೆನಿಸ್ ಲಾಸನ್) ಊರಿನ ಲೆಕ್ಕಿಗನೂ ಹೌದು. ಕಾರಿಗೆ ಸಿಕ್ಕಿ ಗಾಯಗೊಂಡ ಮೊಲವನ್ನು ಮ್ಯಾಕ್ ಮತ್ತು ಅವನ ಜೊತೆಗಾರ ಡ್ಯಾನಿ (ಎಳೆಯ ಪೀಟರ್ ಕಪಾಲ್ಡಿ) ಕಾಳಜಿಯಿಂದ ತಂದು, ಹೆಸರೂ ಇಟ್ಟಿರುತ್ತಾರೆ. ಅದು ಮುಂದೆ ಅವರ ಊಟದ ತಟ್ಟೆಗೇ ಬರುತ್ತದೆ. ಆಗ ಆ ಇಬ್ಬರ ಮುಖಗಳನ್ನು ನೋಡಿ. ಯಾರೂ ದನಿ ಏರಿಸುವುದಿಲ್ಲ.

ನನಗೆ ಅತಿ ಪ್ರಿಯವಾದದ್ದು ಮರಳಿನ ದೃಶ್ಯ. ಕಡಲತೀರದ ಒಡೆಯ ಬೆನ್ (ಫುಲ್ಟನ್ ಮೆಕೇ) ಹರುಕು ಗುಡಿಸಲಿನ ಮುದುಕ. ಒಂದು ಹಿಡಿ ಮರಳೆತ್ತಿ, ಇದರ ಕಾಳಿಗೊಂದು ಪೌಂಡ್ ಕೊಡುತ್ತೀಯಾ ಎನ್ನುತ್ತಾನೆ. ಹೆದರಿದ ಮ್ಯಾಕ್ ಒಲ್ಲೆನೆನ್ನುತ್ತಾನೆ. ಹಿಡಿಯಲ್ಲಿದ್ದದ್ದು ಹತ್ತು ಸಾವಿರ ಕಾಳು ಮೀರದು, ಅಗ್ಗದ ವ್ಯಾಪಾರ ತಪ್ಪಿಸಿಕೊಂಡೆ ಎಂದು ಬೆನ್ ಮರಳನ್ನು ಕೆಳಗೆ ಬಿಡುತ್ತಾನೆ. ಇಡೀ ಚಿತ್ರ ಆ ಮುಷ್ಟಿಯೊಳಗಿದೆ.

ಎರಡನೆಯ ಸಲ ನೋಡುವಾಗ ಮ್ಯಾಕ್‌ನ ಉಡುಪನ್ನು ಹಿಂಬಾಲಿಸಿ. ಸೂಟು ಸಡಿಲವಾಗುತ್ತದೆ, ಕೈಗಡಿಯಾರ ಕಡಲಬಂಡೆಯ ನೀರಿನಲ್ಲಿ ಉಳಿದುಬಿಡುತ್ತದೆ. ಆಕಾಶವನ್ನೂ ನೋಡಿ: ಕಂಪನಿಯ ಮಾಲೀಕ ಹ್ಯಾಪರ್‌ಗೆ (ಬರ್ಟ್ ಲ್ಯಾಂಕಾಸ್ಟರ್) ತೈಲಕ್ಕಿಂತ ನಕ್ಷತ್ರಗಳ ಹುಚ್ಚು. ಆ ಬೆಳಕನ್ನು ಹಿಡಿದವರು ಛಾಯಾಗ್ರಾಹಕ ಕ್ರಿಸ್ ಮೆಂಗೆಸ್. ಊರಿನ ಬೀದಿ ಪೂರ್ವ ಕರಾವಳಿಯ ಪೆನನ್‌ನದು, ಮರಳು ಪಶ್ಚಿಮದ ಕ್ಯಾಮಸ್‌ಡರಾಕ್‌ನದು. ಬೆಸುಗೆ ಗೊತ್ತೇ ಆಗದು. ನಿರ್ಮಾಪಕ ಡೇವಿಡ್ ಪಟ್ನಮ್ ಆಗಷ್ಟೇ ‘ಚಾರಿಯಟ್ಸ್ ಆಫ್ ಫೈರ್’ಗೆ ಆಸ್ಕರ್ ಗೆದ್ದಿದ್ದರು. ಮಾರ್ಕ್ ನಾಫ್ಲರ್‌ಗೆ ಇದು ಮೊದಲ ಚಿತ್ರಸಂಗೀತ. ಪಾತ್ರಗಳು ಬಾಯಿಬಿಟ್ಟು ಹೇಳದ ಹಂಬಲವನ್ನು ಅವರ ಗಿಟಾರ್ ಹೇಳುತ್ತದೆ. ನಿರ್ದೇಶನಕ್ಕಾಗಿ ಫೋರ್ಸೈತ್‌ಗೆ ಬಾಫ್ಟಾ ಬಂತು.

ಕೊನೆಯಲ್ಲಿ ಮ್ಯಾಕ್ ಹ್ಯೂಸ್ಟನ್ನಿನ ಮನೆಯಲ್ಲಿ ಜೇಬಿನ ಚಿಪ್ಪುಗಳನ್ನು ತೆಗೆದಿಡುತ್ತಾನೆ. ಇಷ್ಟಕ್ಕೇ ಮುಗಿದರೆ ತೀರಾ ವಿಷಾದವೆಂದು ಸ್ಟುಡಿಯೊಗೆ ಅನಿಸಿತು. ಫೋರ್ಸೈತ್ ಮಣಿದು ಸುಖಾಂತ್ಯ ಕೊಡಲಿಲ್ಲ. ಒಂದೇ ಒಂದು ಶಾಟ್ ಸೇರಿಸಿದರು. ದೂರದಿಂದ ಕಾಣುವ ಫರ್ನೆಸ್, ಅಲ್ಲಿನ ಕೆಂಪು ಫೋನ್ ಪೆಟ್ಟಿಗೆ. ಫೋನ್ ರಿಂಗಾಗುತ್ತಿದೆ. ಅದು ಮೊಳಗುವಾಗ ದಯವಿಟ್ಟು ಕುರ್ಚಿಯಿಂದ ಏಳಬೇಡಿ.