ಅರ್ಜಿಯ ವಿದ್ಯೆ

ಜಿನೀವಾ ನಗರದ ಸರೋವರದ ದಡದಲ್ಲಿ, ಹಿಂದೊಮ್ಮೆ ಹೋಟೆಲಾಗಿ ಯಾತ್ರಿಕರಿಗೆ ಆಶ್ರಯವಿತ್ತು, ಮೊದಲನೆಯ ಮಹಾಯುದ್ಧದ ತರುವಾಯ ರಾಷ್ಟ್ರಸಂಘದ ಸಚಿವಾಲಯವಾಗಿ, ಅಮೆರಿಕದ ಅಧ್ಯಕ್ಷ ವಿಲ್ಸನ್ನನ ಹೆಸರನ್ನು ಹೊತ್ತುಕೊಂಡ ಒಂದು ವಿಶಾಲವಾದ ಭವನವುಂಟು. 1998ರಲ್ಲಿ ಅದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ ಕಚೇರಿಯಾಯಿತು. ಈ ಕಚೇರಿಯು 2005ರಲ್ಲಿ ಅಲ್ಪಸಂಖ್ಯಾತರಿಗಾಗಿ ಒಂದು ಫೆಲೋಶಿಪ್ಪನ್ನು ಸ್ಥಾಪಿಸಿ, ನಾನಾ ದೇಶಗಳ ಜನಾಂಗೀಯ, ಧಾರ್ಮಿಕ, ಭಾಷಿಕ ಅಲ್ಪಸಮುದಾಯಗಳಿಂದ ಕೆಲವರನ್ನು ಆರಿಸಿ ಕರೆಸಿಕೊಂಡು, ಪ್ರಯಾಣದ ವೆಚ್ಚವನ್ನೂ ವಾಸದ ಭತ್ಯವನ್ನೂ ತಾನೇ ವಹಿಸಿ, ಕೆಲವು ವಾರಗಳ ಕಾಲ ಹಕ್ಕುಗಳ ಶಾಸ್ತ್ರವನ್ನು ಕಲಿಸುತ್ತ ಬಂದಿದೆ. ಮೂಲನಿವಾಸಿಗಳಿಗೆಂದು 1997ರಲ್ಲಿ ಆರಂಭವಾದ ಇಂಥದೇ ಯೋಜನೆಯು ಇದಕ್ಕೆ ಅಗ್ರಜ. ಉದ್ದೇಶ ಸಾಧುವಾದದ್ದು. ಆದರೆ ಉದ್ದೇಶದ ಸಾಧುತ್ವವು ವಿಮರ್ಶೆಯನ್ನು ನಿವಾರಿಸತಕ್ಕ ಕಾರಣವಲ್ಲ.

ಅಲ್ಲಿ ಕಲಿಸುವುದು ಏನನ್ನು? ಒಡಂಬಡಿಕೆಗಳನ್ನು, ಅವುಗಳ ಪಾಲನೆಯನ್ನು ಪರಿಶೀಲಿಸುವ ಸಮಿತಿಗಳ ಕ್ರಮವನ್ನು, ಪ್ರತಿಯೊಂದು ರಾಷ್ಟ್ರವೂ ಸರದಿಯಂತೆ ಒಳಗಾಗಬೇಕಾದ ಸಾರ್ವತ್ರಿಕ ಪರಾಮರ್ಶೆಯ ವಿಧಾನವನ್ನು, 2008ರಿಂದ ಸೇರುತ್ತಿರುವ ಅಲ್ಪಸಂಖ್ಯಾತರ ವೇದಿಕೆಯಲ್ಲಿ ಎದ್ದುನಿಂತು ಕೆಲವೇ ನಿಮಿಷಗಳಲ್ಲಿ ಹೇಳಬೇಕಾದುದನ್ನು ಹೇಳಿ ಕುಳಿತುಕೊಳ್ಳುವ ಕೌಶಲವನ್ನು. ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಅರ್ಜಿಯ ವಿದ್ಯೆ. ಇದನ್ನು ಗುಮಾಸ್ತರ ವಿದ್ಯೆಯೆಂದು ಹಗುರವಾಗಿ ಕಾಣುವವರು ದುಃಖವನ್ನು ಅತ್ತು ಹೇಳುವುದಕ್ಕೂ ಲೆಕ್ಕವಿಟ್ಟು ಹೇಳುವುದಕ್ಕೂ ಇರುವ ಅಂತರವನ್ನು ಅರಿಯರು. ಊರ ಸ್ಮಶಾನದ ಭೂಮಿ ಕೈತಪ್ಪಿತೆಂದು ನೊಂದವನನ್ನು ಇಲ್ಲಿ ಕೇಳುವುದು, ಯಾವ ದಿನ, ಯಾವ ಅಧಿಕಾರಿಯ ಆಜ್ಞೆಯಿಂದ, ಯಾವ ಕಟ್ಟಳೆಯನ್ನು ಮೀರಿ, ನಿನ್ನ ದೇಶದ ನ್ಯಾಯಾಲಯಗಳ ಮೆಟ್ಟಿಲನ್ನೆಲ್ಲ ಹತ್ತಿ ಇಳಿದುದಾಯಿತೆ, ಎಂದು. ಚೆಕ್ ದೇಶದ ಒಸ್ತ್ರಾವಾ ನಗರದಲ್ಲಿ ರೋಮಾ ಜನರ ಮಕ್ಕಳನ್ನು ಮಂದಬುದ್ಧಿಯವರ ವಿಶೇಷ ಶಾಲೆಗಳಿಗೆ ತಳ್ಳುತ್ತಿದ್ದುದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2007ರಲ್ಲಿ ಪಕ್ಷಪಾತವೆಂದು ನಿರ್ಣಯಿಸಿದ್ದು ಯಾರೊಬ್ಬರ ಕಣ್ಣೀರನ್ನು ಕಂಡು ಅಲ್ಲ. ಆ ಶಾಲೆಗಳಲ್ಲಿ ಯಾರ ಮಕ್ಕಳು ಎಷ್ಟು ಮಂದಿ ಎಂಬ ಅಂಕಿಗಳನ್ನು ಕಂಡು. ಈ ಶಿಸ್ತನ್ನು ಕಲಿಸುವಷ್ಟರ ಮಟ್ಟಿಗೆ ಜಿನೀವಾದ ಶಿಕ್ಷಣವು ನಿಸ್ಸಂಶಯವಾಗಿ ಉಪಕಾರಿ.

ಆದರೆ ಅರ್ಜಿಯು ಫಲಿಸಬೇಕಾದರೆ ಕೇಳಲೇಬೇಕಾದ ಕಿವಿಯೊಂದು ಇರಬೇಕಷ್ಟೆ. ಈ ಮಾತಿಗೆ ಅದೇ ಭವನದ ಹಳೆಯ ಕಡತಗಳೇ ಸಾಕ್ಷಿ. ಮೇಲಣ ಸೈಲೀಷಿಯಾ ಪ್ರಾಂತದ ಗ್ಲೈವಿಟ್ಸ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಫ್ರಾನ್ಸ್ ಬರ್ನ್‌ಹೈಮ್ ಎಂಬಾತನು, ತಾನು ಯೆಹೂದ್ಯನೆಂಬ ಒಂದೇ ಕಾರಣಕ್ಕೆ ಕೆಲಸವನ್ನು ಕಳೆದುಕೊಂಡು, 1933ರ ಮೇ ತಿಂಗಳಲ್ಲಿ ರಾಷ್ಟ್ರಸಂಘಕ್ಕೆ ಒಂದು ಅರ್ಜಿಯನ್ನು ಸಲ್ಲಿಸಿದನು. ಹಿಟ್ಲರನು ಅಧಿಕಾರಕ್ಕೆ ಬಂದು ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಇತರ ಒಪ್ಪಂದಗಳ ಅನ್ವಯ ಅಲ್ಪಸಂಖ್ಯಾತರ ಅರ್ಜಿಯೆಂಬುದು ಸಂಘಕ್ಕೆ ಬಂದ ಕೇವಲ ಒಂದು ಸಮಾಚಾರವಾಗಿ, ಮೂವರು ಸದಸ್ಯರ ಸಮಿತಿಯೊಂದರ ಮೇಜಿನ ಮೇಲೆಯೇ ಬಹುಪಾಲು ಒರಗಿಕೊಳ್ಳುತ್ತಿತ್ತು. ಆದರೆ ಜರ್ಮನಿ, ಪೋಲೆಂಡುಗಳ ನಡುವೆ 1922ರಲ್ಲಿ ಆ ಪ್ರಾಂತಕ್ಕೆಂದು ಆಗಿದ್ದ ಒಡಂಬಡಿಕೆಯು ನೊಂದ ವ್ಯಕ್ತಿಗೆ ಸಂಘದ ಮಂಡಲಿಯನ್ನು ನೇರವಾಗಿ ಪ್ರಾರ್ಥಿಸುವ ಅಧಿಕಾರವನ್ನು ಕೊಟ್ಟಿತ್ತು. ಆ ವಿಧಿಯನ್ನು ಬಲ್ಲ ಯೆಹೂದ್ಯ ಮುಖಂಡರು, ಅದನ್ನು ಹಿಡಿದು ನಿಲ್ಲಲು ಅರ್ಹನಾದ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದರು, ಬರ್ನ್‌ಹೈಮನು ಸಿಕ್ಕಿದನು. ಮಂಡಲಿಯ ಮುಂದೆ ಜರ್ಮನಿಯ ಪ್ರತಿನಿಧಿಯು, ಏನಾದರೂ ತಪ್ಪಾಗಿದ್ದರೆ ಅದು ಕೆಳಗಣ ಅಧಿಕಾರಿಗಳ ತಪ್ಪು ತಿಳಿವಳಿಕೆಯಿಂದ ಆದದ್ದೆಂದು ಹೇಳಿ ಜಾರಿಕೊಳ್ಳಬೇಕಾಯಿತು. ಒಡಂಬಡಿಕೆಯ ಅವಧಿ ತೀರಿದ 1937ರ ಜುಲೈವರೆಗೆ, ಜರ್ಮನಿಯ ಇತರೆಡೆಗಳಲ್ಲೆಲ್ಲ ಉರಿಯುತ್ತಿದ್ದ ಯೆಹೂದ್ಯವಿರೋಧಿ ಶಾಸನಗಳು ಆ ಒಂದು ತುಣುಕು ಭೂಮಿಯಲ್ಲಿ ತಡೆಹಿಡಿಯಲ್ಪಟ್ಟವು.

ನಾಲ್ಕು ವರ್ಷ ಮಾತ್ರ ನಡೆದ ರಕ್ಷೆ, ನಿಜ. ಆದರೂ ವಿಧಿ, ಅದನ್ನು ಬಲ್ಲವರು, ಅದಕ್ಕೆ ಕಟ್ಟುಬಿದ್ದ ಸರಕಾರ, ಈ ಮೂರೂ ಕೂಡಿದಾಗ ಏನಾಗಬಹುದೆಂಬುದಕ್ಕೆ ಅದೊಂದು ನಿದರ್ಶನ. ಇಂದಿನ ಶಿಕ್ಷಣವು ಈ ಮೂರರಲ್ಲಿ ನಡುವಣದನ್ನು ಮಾತ್ರ ಒದಗಿಸುತ್ತದೆ. ಅಲ್ಲಿ ಮುಖ್ಯವಾಗಿ ಕಲಿಸುವ 1992ರ ಡಿಸೆಂಬರಿನ ಅಲ್ಪಸಂಖ್ಯಾತರ ಘೋಷಣೆಯು ಘೋಷಣೆಯೇ ಹೊರತು ಕರಾರಲ್ಲ. ಮಾತೃಭಾಷೆಯ ಕಲಿಕೆಯನ್ನು ಕುರಿತ ಅದರ ವಾಕ್ಯವಂತೂ ‘ಸಾಧ್ಯವಿರುವೆಡೆ’ ಎಂಬ ಕೀಲಿನ ಮೇಲೆ ತಿರುಗುತ್ತದೆ; ಆ ಕೀಲಿಗೆ ಎಣ್ಣೆ ಹಾಕತಕ್ಕವರು ಸರಕಾರದವರೇ. 1956ರಿಂದ ಕೇರಳದೊಳಗೆ ಭಾಷಾ ಅಲ್ಪಸಂಖ್ಯಾತರಾಗಿರುವ ಕಾಸರಗೋಡಿನ ಕನ್ನಡಿಗರಿಗೆ ಈ ಬಗೆಯ ವಾಕ್ಯಗಳ ಪರಿಚಯವನ್ನು ಜಿನೀವಾದವರು ಮಾಡಿಕೊಡಬೇಕಾಗಿಲ್ಲ. ಕಟ್ಟುಪಾಡುಳ್ಳದ್ದು ನಾಗರಿಕ, ರಾಜಕೀಯ ಹಕ್ಕುಗಳನ್ನು ಕುರಿತ 1966ರ ಒಡಂಬಡಿಕೆಯ ಇಪ್ಪತ್ತೇಳನೆಯ ವಿಧಿ; ಆದರೆ ಅದರ ಭಂಗವನ್ನು ಕುರಿತು ವ್ಯಕ್ತಿಯೊಬ್ಬನು ದೂರು ಕೊಡಲು ಆಸ್ಪದವೀಯುವ ಪ್ರೋಟೋಕಾಲಿಗೆ ಭಾರತವು ಸೇರಿಯೇ ಇಲ್ಲ. ಅಂಥ ದೇಶದ ಶಿಕ್ಷಾರ್ಥಿಯು ಈಜನ್ನು ಕಲಿತು ಬತ್ತಿದ ಕೆರೆಗೆ ಹಿಂದಿರುಗಿದಂತೆ.

ಆಯ್ಕೆಯ ವಿಷಯಕ್ಕೆ ಬರೋಣ. ಶಿಕ್ಷಣವು ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲೂ ರಷ್ಯನ್ನಿನಲ್ಲೂ ಬೇರೆ ತಂಡಗಳನ್ನು ನಡೆಸಿದ್ದುಂಟು. ಭಾಷೆಯನ್ನು ಉಳಿಸಿಕೊಳ್ಳಲು ಹೋರಾಡುವವರನ್ನು ಪರಭಾಷೆಯ ಪ್ರೌಢಿಮೆಯಿಂದ ಆರಿಸುವುದೆಂದರೆ, ಸಮುದಾಯದಿಂದ ಒಂದು ಕಾಲನ್ನು ಆಗಲೇ ಹೊರಗಿಟ್ಟವರನ್ನು ಆರಿಸಿದಂತಾಗುವ ಭಯವುಂಟು. ಅಭ್ಯರ್ಥಿಯನ್ನು ಅವನ ಸಂಘವೇ ಶಿಫಾರಸು ಮಾಡಬೇಕು, ಅವನು ಹಿಂದಿರುಗಿ ತನ್ನವರಿಗೆ ಕಲಿಸಬೇಕು ಎಂಬ ಕಟ್ಟಳೆಗಳಲ್ಲಿ ಈ ಭಯದ ಅರಿವು ಕಾಣುತ್ತದೆ. ಆದರೆ ಯಾವ ಮಾತಿನಲ್ಲಿ ಕಲಿಸುವುದು? ನಮ್ಮ ‘ಅಲ್ಪಸಂಖ್ಯಾತ’ ಎಂಬ ಪದವನ್ನೇ ನೋಡಿ: ಇಟಲಿಯ ನ್ಯಾಯಶಾಸ್ತ್ರಜ್ಞ ಕಪೊಟೋರ್ತಿಯು ವಿಶ್ವಸಂಸ್ಥೆಗಾಗಿ ಮಾಡಿದ ನಿರೂಪಣೆಯಲ್ಲಿ ಎಣಿಕೆಯ ಕೊರತೆಯ ಜೊತೆಗೆ ಪ್ರಾಬಲ್ಯದ ಕೊರತೆಯೂ ಇದೆ, ನಮ್ಮ ಪದದಲ್ಲಿ ಉಳಿದಿರುವುದು ತಲೆಯೆಣಿಕೆಯೊಂದೇ. ಶಿಕ್ಷಾರ್ಥಿಯ ಕೈಗೆ ಕೊಡುವ ಪುಸ್ತಕಗಳ ಜೊತೆಗೆ, ಆ ಪುಸ್ತಕಗಳನ್ನು ತನ್ನ ನುಡಿಗೆ ತರಲು ಬೇಕಾದ ಕಾಲವನ್ನೂ ಹಣವನ್ನೂ ಕೊಟ್ಟಿದ್ದರೆ, ವಿಮಾನದ ಟಿಕೀಟಿಗಿಂತ ಹೆಚ್ಚಿನ ಉಪಕಾರವಾಗುತ್ತಿತ್ತೆಂದು ನನ್ನ ನಂಬಿಕೆ.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಈ ವಿದ್ಯೆಯನ್ನು ಕಲಿಯಹೊರಡುವುದೇ ಕೆಲವೆಡೆ ಅಪರಾಧ. ಚೀನಾದ ಪರಾಮರ್ಶೆಯ ವರದಿಯನ್ನು ಸಿದ್ಧಪಡಿಸುವಲ್ಲಿ ಪ್ರಜೆಗಳಿಗೂ ಪಾಲಿರಬೇಕೆಂದು ಹಟಹಿಡಿದ ತ್ಸಾವ್ ಶುನ್‌ಲಿ ಎಂಬ ಮಹಿಳೆಯು ಈ ಫೆಲೋಶಿಪ್ಪಿಗೆ ಸೇರಿದವಳಲ್ಲ, ಅಲ್ಪಸಂಖ್ಯಾತೆಯೆಂಬ ನೆಲೆಯಲ್ಲಿ ಹೊರಟವಳೂ ಅಲ್ಲ; ಆದರೆ ಇಂಥದೇ ಒಂದು ಶಿಕ್ಷಣಕ್ಕೆಂದು ಜಿನೀವಾಕ್ಕೆ ಹೊರಟಿದ್ದವಳು. 2013ರ ಸೆಪ್ಟೆಂಬರ್ 14ರಂದು ಬೀಜಿಂಗಿನ ವಿಮಾನ ನಿಲ್ದಾಣದಲ್ಲಿ ಆಕೆಯನ್ನು ಹಿಡಿದರು. ಬಂಧನದಲ್ಲಿ ಕಾಯಿಲೆ ಉಲ್ಬಣಿಸಿ, ಸರಿಯಾಗಿ ಆರು ತಿಂಗಳಿಗೆ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಬಳಿಕ ಒಂದು ವಾರದೊಳಗೆ ಮಾನವ ಹಕ್ಕುಗಳ ಮಂಡಲಿಯಲ್ಲಿ ಚೀನಾದ ಪರಾಮರ್ಶೆಯು ಅಂಗೀಕಾರಕ್ಕೆ ಬಂದಾಗ, ಒಂದು ಸ್ವಯಂಸೇವಾ ಸಂಸ್ಥೆಯವರು ತಮ್ಮ ಪಾಲಿನ ಮಾತಿನ ಅವಧಿಯಲ್ಲಿ ಆಕೆಗಾಗಿ ಒಂದು ಗಳಿಗೆಯ ಮೌನವನ್ನು ಬೇಡಿದರು. ಚೀನಾದ ಪ್ರತಿನಿಧಿಯು ಕ್ರಮಲೋಪವನ್ನೆತ್ತಿದನು. ಭಾಷಣದ ಹಕ್ಕಿನಲ್ಲಿ ಮೌನವೂ ಸೇರುತ್ತದೆಯೆ ಎಂಬ ಪ್ರಶ್ನೆಯ ಮೇಲೆ ರಾಷ್ಟ್ರಗಳ ಪ್ರತಿನಿಧಿಗಳು ಬಹು ಹೊತ್ತು ವಾದಿಸಿದರು. ಮೌನಕ್ಕೆ ಅನುಮತಿ ದೊರೆಯಲಿಲ್ಲ. ಸಭಾಂಗಣದ ಹಿಂದಿನ ಸಾಲುಗಳಲ್ಲಿ ಕೆಲವರು ಆಕೆಯ ಚಿತ್ರವನ್ನು ಹಿಡಿದು ಎದ್ದುನಿಂತರು.