ಜಗಲಿಗೆ ಬಂದ ಶಾಲೆ

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳಿಗೆ ಬೀಗ ಬಿತ್ತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಸರಿ. ಮೇಷ್ಟ್ರು ಮಕ್ಕಳಿದ್ದಲ್ಲಿಗೆ ಹೋಗಬಾರದೇಕೆ? ಆಗಸ್ಟ್‌ನಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ವಿದ್ಯಾಗಮ. ದೇವಸ್ಥಾನದ ಅಂಗಳ, ಸಮುದಾಯ ಭವನ, ಅರಳಿಕಟ್ಟೆ, ಯಾರದೋ ಮನೆಯ ಜಗಲಿ, ನೆರಳಿದ್ದ ಕಡೆಯೆಲ್ಲ ಪಾಠ ನಡೆಯಿತು.

ನನಗೆ ತುಂಬ ಹಿಡಿಸಿದ್ದು ಅದರ ಮೊದಲ ಹೆಜ್ಜೆ. ಯಾವ ಮಗುವಿನ ಮನೆಯಲ್ಲಿ ಎಂಥ ಫೋನಿದೆ ಎಂದು ವಿಚಾರಿಸಿ ಪಟ್ಟಿ ಮಾಡಿದರು: ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನು, ಬರೀ ಮಾತಾಡುವ ಫೋನು, ಯಾವುದೂ ಇಲ್ಲ. ಹೀಗೆ ಮೂರು ಬಗೆಯ ಗುಂಪು ಮಾಡಿ, ಒಂದೊಂದು ಗುಂಪನ್ನು ಒಬ್ಬೊಬ್ಬ ಶಿಕ್ಷಕರಿಗೆ ಒಪ್ಪಿಸಿದರು. ಅನುಕೂಲಸ್ಥರ ಶಾಲೆಗಳು ಪರದೆಯ ಮೇಲಿನ ತರಗತಿಗೆ ಹೊರಳಿದ್ದ ಆ ದಿನಗಳಲ್ಲಿ, ಫೋನೇ ಇಲ್ಲದ ಮಗುವನ್ನು ಹೆಸರು ಹಿಡಿದು ಲೆಕ್ಕಕ್ಕೆ ತಂದ ಈ ಪಟ್ಟಿ ಸಣ್ಣ ಕೆಲಸವಲ್ಲ. ವಾಟ್ಸ್ಆ್ಯಪ್ ಇದ್ದವರಿಗೆ ಅಭ್ಯಾಸದ ಹಾಳೆ, ಇಲ್ಲದವರ ಬಾಗಿಲಿಗೆ ಮೇಷ್ಟ್ರೇ. ಬಾಗಿಲಿಗೆ ಹೋದವರಿಗೆ ಪಾಠಕ್ಕಿಂತ ಹೆಚ್ಚಿನದು ತಿಳಿಯುತ್ತದೆ: ಓದಲು ಮೂಲೆ ಇದೆಯೇ, ಮಗು ಕೂಲಿಗೆ ಹೋಗುತ್ತಿದೆಯೇ, ಮನೆಯಲ್ಲಿ ಮದುವೆಯ ಮಾತು ಎದ್ದಿದೆಯೇ. ಹಾಜರಿ ಪುಸ್ತಕ ಇದನ್ನೆಲ್ಲ ಎಂದೂ ಹೇಳದು.

ಇದಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದವು. ಪೋಷಕರ ಆತಂಕ ನ್ಯಾಯವಾದದ್ದೇ. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು. 2021ರ ಜನವರಿಯಲ್ಲಿ ಅದು ಮತ್ತೆ ಶುರುವಾದಾಗ, ಆರರಿಂದ ಒಂಬತ್ತನೇ ತರಗತಿಯ ಮಕ್ಕಳು ಬಂದು ಕೂತದ್ದು ಶಾಲೆಯ ಆವರಣದಲ್ಲೇ.